ದರ್ಬಾರಿನಿಂದ ಅಂಗಡಿಯ ಮುಂಗಟ್ಟಿಗೆ

ರಾಗಸಂಗೀತವು ಬಲ್ಲವರ ಸ್ವತ್ತು, ಉಳಿದವರು ಹೊರಗೆ ನಿಲ್ಲಬೇಕಾದವರು ಎಂಬ ಮಾತನ್ನು ನನ್ನ ವಿದ್ಯಾರ್ಥಿಗಳ ಬಾಯಿಂದ ಮೇಲಿಂದ ಮೇಲೆ ಕೇಳುತ್ತೇನೆ. ನಾನು ಸಂಗೀತಶಾಸ್ತ್ರವನ್ನು ಓದಿದವನಲ್ಲ. ಕಾಲೇಜಿನಲ್ಲಿ ಕಾವ್ಯ ಪಾಠ ಹೇಳುವವನು. ಆದರೆ ಪಂಪ ರನ್ನರ ಮೇಲೂ ಇದೇ ದೂರು ಉಂಟಾದುದರಿಂದ ಅದನ್ನು ಹಗುರವಾಗಿ ತಳ್ಳಿಬಿಡಲು ನನ್ನಿಂದಾಗದು. ಈ ಪ್ರಶ್ನೆ ಎದ್ದಾಗಲೆಲ್ಲ ನಾನು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಬಾಳನ್ನು ನೆನೆಯುತ್ತೇನೆ.

ಖಾನ್ ಸಾಹೇಬರು ಹುಟ್ಟಿದ್ದು 1872ರಲ್ಲಿ, ಉತ್ತರ ಹಿಂದುಸ್ತಾನದ ಕೈರಾನಾ ಎಂಬ ಊರಿನಲ್ಲಿ. ಮನೆತನವೇ ಸಂಗೀತದ್ದು. ತರುಣರಾಗಿರುವಾಗಲೇ ಬಡೋದೆಯ ಆಸ್ಥಾನದಲ್ಲಿ ಗಾಯಕರಾದರು. ಆ ಕಾಲದಲ್ಲಿ ಒಳ್ಳೆಯ ಗಾಯನಕ್ಕೆ ಎರಡು ಕಾವಲುಗಳಿದ್ದವು. ಒಂದು ದರ್ಬಾರಿನದು: ಕರೆ ಬಂದವನೇ ಕೇಳುಗ. ಇನ್ನೊಂದು ಘರಾಣೆಯದು: ವಿದ್ಯೆ ಮಗನಿಗೆ, ಅಳಿಯನಿಗೆ, ಬಹಳವಾದರೆ ವರ್ಷಗಟ್ಟಲೆ ಸೇವೆ ಮಾಡಿದ ಶಿಷ್ಯನಿಗೆ. ಉಳ್ಳವರ ಸಂಗೀತವೆಂಬ ಹೆಸರು ಇದಕ್ಕೆ ಅಂಟಿದ್ದು ಈ ಕಾವಲುಗಳ ದೆಸೆಯಿಂದ. ಅದರಲ್ಲಿ ರಾಗಗಳ ತಪ್ಪೇನೂ ನನಗೆ ಕಾಣದು.

ತಾರಾಬಾಯಿ ಮಾನೆಯವರ ಕೈಹಿಡಿದು ಅವರು ಬಡೋದೆಯನ್ನು ತೊರೆದರು. ಮುಂದೆ ಮಿರಜಿನಲ್ಲಿ ನೆಲೆನಿಂತರು. ಆಸ್ಥಾನ ಬಿಟ್ಟ ಗಾಯಕನಿಗೆ ಅನ್ನ ಹುಟ್ಟಬೇಕಾದರೆ ಊರೂರು ತಿರುಗಬೇಕು, ಮುಖಪರಿಚಯವಿಲ್ಲದವರ ಮುಂದೆ ಹಾಡಬೇಕು. ಅವರು ಸುಧಾರಣೆಯ ಬಾವುಟ ಹಿಡಿದು ಹೊರಟವರಲ್ಲ. ಬದುಕೇ ಅವರನ್ನು ಬಯಲಿಗೆ ತಂದಿತು. ಇದನ್ನು ಮರೆತು ಅವರನ್ನು ಬರಿಯ ಸಂತನನ್ನಾಗಿ ಚಿತ್ರಿಸುವ ಬರಹಗಳು ನನಗೆ ರುಚಿಸವು.

ಅದೇ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿಯೇ ಲಾಹೋರದಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದಿದ್ದರು. ಖಾನ್ ಸಾಹೇಬರು 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ಅದು ಬಹುಕಾಲ ಬಾಳಲಿಲ್ಲ. ಆದರೆ ವಿದ್ಯೆಯನ್ನು ರಕ್ತಸಂಬಂಧದ ಆಚೆಗೆ ದಾಟಿಸುವ ಕೆಲಸ ಅದಕ್ಕೂ ಮೊದಲೇ ನಡೆದಿತ್ತು. ನಮ್ಮ ಕುಂದಗೋಳದ ರಾಮಭಾವು ಎಂಬ ಹುಡುಗ ಅವರಲ್ಲಿ ಕಲಿತು ಸವಾಯಿ ಗಂಧರ್ವರಾದರು. ಅವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಧಾರವಾಡದ ಸೀಮೆಗೆ ಹಿಂದುಸ್ತಾನಿ ಸಂಗೀತ ಮನೆಯ ಮಾತಾದುದರಲ್ಲಿ ಈ ಒಂದು ಎಳೆಯ ಪಾಲು ದೊಡ್ಡದು.

ಮೈಸೂರಿನ ಅರಮನೆಗೆ ಹೋಗಿಬರುವ ದಾರಿಯಲ್ಲಿ ಅವರು ಹುಬ್ಬಳ್ಳಿ ಧಾರವಾಡಗಳಲ್ಲಿ ತಂಗುತ್ತಿದ್ದರು. ಕರ್ನಾಟಕ ಸಂಗೀತವನ್ನು ಆದರದಿಂದ ಕೇಳಿದರು; ಸ್ವರಗಳ ಹೆಸರು ಹಿಡಿದು ಹಾಡುವ ಸರಗಮ್ಮಿಗೆ ತಮ್ಮ ಗಾಯನದಲ್ಲಿ ದೊಡ್ಡ ಎಡೆ ಕೊಟ್ಟರು; ತ್ಯಾಗರಾಜರ ಕೀರ್ತನೆಯನ್ನೂ ಹಾಡಿ ಧ್ವನಿಮುದ್ರಿಸಿದರು. ಅತ್ತ 1916ರಲ್ಲಿ ಬಡೋದೆಯ ಸಂಗೀತ ಪರಿಷತ್ತಿನಲ್ಲಿ ಪಂಡಿತರು ಇಪ್ಪತ್ತೆರಡು ಶ್ರುತಿಗಳ ಲೆಕ್ಕದಲ್ಲಿ ಜಗಳಕ್ಕೆ ಬಿದ್ದಾಗ ದೇವಲ್ ಮತ್ತು ಕ್ಲೆಮೆಂಟ್ಸರ ಪಕ್ಷಕ್ಕೆ ಇವರ ಕಂಠವೇ ಸಾಕ್ಷಿಯಾಗಿತ್ತು. ಬಲ್ಲವರಲ್ಲಿಯೂ ಬಲ್ಲವರು, ಸಂದೇಹವಿಲ್ಲ. ಹಾಗಿದ್ದೂ ಅವರ ಹೆಸರು ನಿಂತದ್ದು ಶ್ರುತಿಯ ಲೆಕ್ಕ ತಿಳಿಯದವರ ಕಿವಿಯಲ್ಲಿ.

ಅದಕ್ಕೆ ಕಾರಣ ಗ್ರಾಮಾಫೋನು. ಒಂದು ಮಗ್ಗುಲಿಗೆ ಮೂರು ಮಿನಿಟು, ಸ್ವಲ್ಪ ಹೆಚ್ಚು. ತಾಸುಗಟ್ಟಲೆ ಒಂದೊಂದೇ ಸ್ವರವನ್ನು ಸೇರಿಸಿ ರಾಗವನ್ನು ಬೆಳೆಸುವ ಗಾಯಕನಿಗೆ ಇದಕ್ಕಿಂತ ಇಕ್ಕಟ್ಟಾದ ಕೋಣೆ ಬೇರೆ ಇರಲಾರದು. ಅನೇಕ ಉಸ್ತಾದರು ಆ ಯಂತ್ರವನ್ನು ಶಂಕಿಸಿದರು. ತಮ್ಮ ವಿದ್ಯೆ ಬೀದಿಪಾಲಾದೀತೆಂಬ ಅಂಜಿಕೆ ಅವರದು. ಖಾನ್ ಸಾಹೇಬರು ಆ ಕೋಣೆಯೊಳಗೆ ಹೋಗಿ ಕುಳಿತರು. ತಟ್ಟೆ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ, ನಿಜ. ಆದರೆ ಅಂಗಡಿಯ ಮುಂದೆ ನಿಂತು ಕೇಳುವವನಿಗೆ ಬೆಲೆ ಯಾರು ಕಟ್ಟಬೇಕು? ಗದಗಿನಲ್ಲಿ ಬಾಲಕ ಭೀಮಸೇನ ಕೇಳಿದ್ದು ಹಾಗೆಯೇ, ಅಂಗಡಿಯಲ್ಲಿ ಹಚ್ಚಿದ ತಟ್ಟೆಯಿಂದ, ಝಿಂಝೋಟಿಯ ಠುಮರಿಯನ್ನು. ಹೀಗೆ ಹಾಡಬೇಕೆಂಬ ಹುಚ್ಚು ಹತ್ತಿ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಅರಸಿ ಮನೆ ಬಿಟ್ಟು ಹೋದ. ಆ ಹುಡುಗನಿಗೆ ರಾಗದ ಲಕ್ಷಣವನ್ನು ಮುಂಚಿತವಾಗಿ ಯಾರೂ ವಿವರಿಸಿರಲಿಲ್ಲವೆಂಬುದನ್ನು ನನ್ನ ವಿದ್ಯಾರ್ಥಿಗಳು ಗಮನಿಸಬೇಕು.

ಜನರಿಗೆ ಹಿಡಿಸಿದ್ದು ಠುಮರಿ, ಭೈರವಿ. ಶುದ್ಧ ಖಯಾಲು ಅಲ್ಲವಲ್ಲ ಎಂದು ಸಂಗೀತಪ್ರೇಮಿಯಾದ ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸುವುದುಂಟು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಅವರ ಠುಮರಿಯಲ್ಲಿ ಅಗ್ಗದ ಒಂದು ಸ್ವರವನ್ನೂ ನಾನು ಕೇಳಿಲ್ಲ. ವಿಲಂಬಿತ ಖಯಾಲಿನಲ್ಲಿ ಷಡ್ಜಕ್ಕೆ ಸಲ್ಲಿಸುತ್ತಿದ್ದ ಮರ್ಯಾದೆಯನ್ನೇ ಅಲ್ಲಿಯೂ ಸಲ್ಲಿಸಿದ್ದಾರೆ. ಕೇಳುಗನಿಗಾಗಿ ಅವರು ಕಾಲವನ್ನು ಕುಗ್ಗಿಸಿದರೇ ಹೊರತು ಸ್ವರವನ್ನು ಕೆಡಿಸಲಿಲ್ಲ. ಮೊದಲ ಕೇಳ್ವಿಗೆ ಸಿಕ್ಕಷ್ಟು ಸಾಕು. ಖಯಾಲಿನ ಕಡೆಗೆ ಕಿವಿ ತಾನಾಗಿ ಹೊರಳುತ್ತದೆ. ನನ್ನ ಕಿವಿ ಹೊರಳಿದ್ದೂ ಹಾಗೆಯೇ.

1937ರ ಅಕ್ಟೋಬರದಲ್ಲಿ ಅವರು ಮದರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡು ಸಿಂಗಪೆರುಮಾಳ್‌ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದರು. ಅಲ್ಲಿಯೇ ಹಾಸಿಗೆ ಬಿಡಿಸಿ, ನಮಾಜು ಮಾಡಿ, ದರ್ಬಾರಿ ಕಾನಡಾದಲ್ಲಿ ದೇವರ ಸ್ಮರಣೆ ಮಾಡುತ್ತ ಕಣ್ಣು ಮುಚ್ಚಿದರೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಅಂದು 27ನೆಯ ತಾರೀಖು. ದೇಹವನ್ನು ಮಿರಜಿಗೆ ತಂದು ಖ್ವಾಜಾ ಮೀರಾಸಾಹೇಬರ ದರ್ಗೆಯ ಆವರಣದಲ್ಲಿ ಮಣ್ಣು ಮಾಡಿದರು. ಉರುಸಿನ ವೇಳೆ ಅವರ ನೆನಪಿಗೆ ಗಾಯಕರು ಅಲ್ಲಿಗೆ ಬಂದು ಹಾಡುತ್ತಾರೆ. ದರ್ಗೆಗೆ ಬಂದ ಜನ ಕುಳಿತು ಕೇಳುತ್ತಾರೆ.