ಗಣಕಯಂತ್ರದೊಳಗೆ ಕೈಮರ ನೆಟ್ಟ ಡೈಕ್‌ಸ್ಟ್ರಾ

ಒಂಟಿ ಹಳಿಯ ಮೇಲೆ ಎದುರುಬದುರಾಗಿ ಎರಡು ರೈಲುಗಳು ಬಂದರೆ ಏನಾದೀತೆಂದು ನಾವು ಯಾರಿಗೂ ವಿವರಿಸಬೇಕಾಗಿಲ್ಲ. ಆ ಅನಾಹುತ ತಪ್ಪಿಸಲೆಂದೇ ನಿಲ್ದಾಣಗಳಲ್ಲಿ ಕೈಮರ ನಿಂತಿತು. ಅದೇ ಕೈಮರವನ್ನು ಗಣಕಯಂತ್ರದೊಳಗೂ ನೆಟ್ಟ ಮಹನೀಯರು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ.

1930ರ ಮೇ 11ರಂದು ರಾಟರ್‌ಡ್ಯಾಮ್ ನಗರದಲ್ಲಿ ಅವರ ಜನನ. ತಂದೆ ರಸಾಯನಶಾಸ್ತ್ರಜ್ಞರು, ತಾಯಿ ಗಣಿತ ಬಲ್ಲವರು. ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದ ತರುಣ 1951ರಲ್ಲಿ ಕೇಂಬ್ರಿಜ್‌ನ ಬೇಸಗೆ ತರಗತಿಯಲ್ಲಿ ಪ್ರೋಗ್ರಾಮ್ ಬರೆಯಲು ಕಲಿತರು. ಮರುವರ್ಷವೇ ಆಮ್‌ಸ್ಟರ್‌ಡ್ಯಾಮ್‌ನ ಗಣಿತ ಕೇಂದ್ರದಲ್ಲಿ ಅದೇ ಉದ್ಯೋಗಕ್ಕೆ ಸೇರಿದರು. 1957ರಲ್ಲಿ ಮದುವೆಯಾದಾಗ ಅಂಥ ಉದ್ಯೋಗವೇ ಇಲ್ಲವೆಂದು ನಗರಸಭೆಯವರು ಒಪ್ಪಲಿಲ್ಲ. ದಾಖಲೆಯಲ್ಲಿ ಭೌತಶಾಸ್ತ್ರಜ್ಞರೆಂದೇ ಬರೆಸಬೇಕಾಯಿತು!

ಆ ಕಾಲದಲ್ಲೇ ಅವರಿಗೊಂದು ಭಯ ಎದುರಾಯಿತು. ಹೊಸ ಎಕ್ಸ್-1 ಯಂತ್ರದಲ್ಲಿ ಹೊರಗಿನ ಉಪಕರಣಗಳು ಯಾವ ಕ್ಷಣದಲ್ಲಾದರೂ ಕೆಲಸದ ನಡುವೆ ಬಾಯಿ ಹಾಕಬಹುದಿತ್ತು. ಸಾವಿರ ಸಲ ಸರಿಯಾಗಿ ನಡೆದದ್ದು ಸಾವಿರದೊಂದನೆಯ ಸಲ ಕೆಡಬಹುದು. ಮತ್ತೆ ನೋಡಹೋದರೆ ಆ ತಪ್ಪು ಸಿಗಲಿಕ್ಕಿಲ್ಲ. ಪರೀಕ್ಷೆಯಿಂದ ಇದಕ್ಕೆ ಪರಿಹಾರವಿಲ್ಲ, ಮೊದಲೇ ತರ್ಕದಿಂದ ಕಟ್ಟಬೇಕೆಂದು ಅವರು ಮನಗಂಡರು.

1962ರಲ್ಲಿ ಐಂಡ್‌ಹೋವನ್‌ನ ತಾಂತ್ರಿಕ ವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದ ಮೇಲೆ ಅವರು ಕಂಡ ಉಪಾಯವೇ ಸೆಮಾಫೋರ್, ಅಂದರೆ ಕೈಮರ. 1965ರ ಪ್ರಬಂಧದಲ್ಲಿ ಅದನ್ನು ವಿವರಿಸಿದರು. ಅದೊಂದು ಎಣಿಕೆ ಮಾತ್ರ. ಒಳಹೋಗುವವನು ಒಂದನ್ನು ಕಳೆಯಬೇಕು, ಸೊನ್ನೆಯಿದ್ದರೆ ಕಾಯಬೇಕು. ಮುಗಿಸಿದವನು ಒಂದನ್ನು ಕೂಡಿಸಬೇಕು. ಈ ಕೂಡಿಸುವ, ಕಳೆಯುವ ಕ್ರಿಯೆಗಳ ನಡುವೆ ಬೇರಾರೂ ನುಸುಳುವಂತಿಲ್ಲ.

ಆರಂಭದಲ್ಲಿ ಆ ಎಣಿಕೆ ಎಷ್ಟಿರಬೇಕೆಂಬುದೇ ಮುಖ್ಯ. ನಮ್ಮ ಊರಿನ ಔತಣವನ್ನೇ ನೆನೆಯೋಣ. ಅನ್ನ ಬೇಯುವ ಮೊದಲೇ ಬಡಿಸುವವರು ಪಂಕ್ತಿಗೆ ಇಳಿದರೆ ಬರಿಗೈ! ಆದುದರಿಂದ ಅವರ ಎಣಿಕೆ ಸೊನ್ನೆಯಿಂದ ಶುರು: ಯಾರು ಮೊದಲು ಬಂದರೂ, ಅಡಿಗೆಯವನು ಅನ್ನ ಇಳಿಸಿ ಒಂದನ್ನು ಕೂಡಿಸುವ ತನಕ ಬಡಿಸುವವನು ಕಾಯಲೇಬೇಕು. ಇರುವುದು ಒಂದೇ ಸೌಟಾದರೆ ಅದರ ಎಣಿಕೆ ಒಂದರಿಂದ ಶುರು: ಹಿಡಿದವನು ಬಿಟ್ಟ ಮೇಲೆಯೇ ಮತ್ತೊಬ್ಬನಿಗೆ. ಈ ಎಣಿಕೆಗಳನ್ನು ಯಾರೂ ಕೆಲಸಕ್ಕೆ ಇಳಿಯುವ ಮೊದಲೇ ಇಟ್ಟಿರಬೇಕು. ಇಂದು ಥ್ರೆಡ್ ಎನ್ನಿಸಿಕೊಳ್ಳುವ ಕೆಲಸದ ಎಳೆಗಳು ಯಂತ್ರ ಹೊರಡುವಾಗ ಒಂದನ್ನೊಂದು ತುಳಿಯದಿರಲು ಇದೇ ನಿಯಮ.

ಬೆರಳೆಣಿಕೆಯ ಸಹೋದ್ಯೋಗಿಗಳೊಡನೆ ಅವರು ಹೀಗೆ ಕಟ್ಟಿದ ವ್ಯವಸ್ಥೆಯ ವರದಿ 1968ರಲ್ಲಿ ಪ್ರಕಟವಾಯಿತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಸಣ್ಣಪುಟ್ಟ ಬರವಣಿಗೆಯ ದೋಷಗಳು ಮಾತ್ರ. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 1984ರಿಂದ 1999ರ ತನಕ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಕಲಿಸಿದರು. ಗಣಕ ಲೋಕದ ಗುರುವಾಗಿದ್ದರೂ ತಮ್ಮ ಟಿಪ್ಪಣಿಗಳನ್ನು ಬಹುಕಾಲ ಶಾಯಿ ಪೆನ್ನಿನಲ್ಲೇ ಬರೆದರು. ಅವುಗಳ ಸಂಖ್ಯೆ 1,300ಕ್ಕೂ ಮಿಕ್ಕಿತ್ತು. 2002ರ ಆಗಸ್ಟ್ 6ರಂದು ಸ್ವದೇಶದ ನ್ಯೂನೆನ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು.

ಗಣಕ ವಿದ್ಯೆಗೆ ಹೊರಟಿರುವ ನಮ್ಮ ಮಕ್ಕಳು ಅವರಿಂದ ಕಲಿಯಬೇಕಾದದ್ದಿಷ್ಟೇ: ಇದುವರೆಗೆ ಕೆಡಲಿಲ್ಲವೆಂಬುದು, ಮುಂದೆ ಕೆಡಲಾರದೆಂಬುದಕ್ಕೆ ಆಧಾರವಲ್ಲ. ಗಾಡಿ ಹೊರಡುವ ಮೊದಲೇ ಕೈಮರ ಸರಿಯಾಗಿ ನಿಂತಿರಬೇಕು.