ವಿಜ್ಞಾನಿಯ ಭೀತಿ, ವಿಜ್ಞಾನಿಯ ಭರವಸೆ: ಲಿಯೋ ಸಿಲಾರ್ಡ್

ಮುಂಬರುವ ಕೇಡನ್ನು ಎಲ್ಲರಿಗಿಂತ ಮೊದಲು ಕಂಡವನ ಪಾಡು ಸುಖದ್ದಲ್ಲ. ಹೇಳಿದರೆ ಲೋಕವು ನಂಬದು. ಹೇಳದಿದ್ದರೆ ಅಂತಃಕರಣವು ಒಪ್ಪದು. ಲಿಯೋ ಸಿಲಾರ್ಡನ ಜೀವಿತವು ಇದಕ್ಕೆ ನಿದರ್ಶನವಾಗಿದೆ.

ಸಿಲಾರ್ಡನು 1898ರಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದನು. ಬರ್ಲಿನ್ನಿನಲ್ಲಿ ಭೌತವಿಜ್ಞಾನವನ್ನು ವ್ಯಾಸಂಗ ಮಾಡಿದನು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬರಲು, ಅಪಾಯವನ್ನರಿತು ಜರ್ಮನಿಯನ್ನು ತೊರೆದನು. ಅದೇ ವರ್ಷ ಲಂಡನ್ನಿನ ಬೀದಿಯಲ್ಲಿ ನಡೆದುಹೋಗುತ್ತಿರುವಾಗ ಅವನಿಗೊಂದು ಯೋಚನೆ ಹೊಳೆಯಿತು: ನ್ಯೂಟ್ರಾನೊಂದು ತಗುಲಿದ ಪರಮಾಣುವು ಎರಡು ನ್ಯೂಟ್ರಾನುಗಳನ್ನು ಹೊರಸೂಸುವಂತಾದರೆ, ಆ ಕ್ರಿಯೆಯು ಸರಪಳಿಯಂತೆ ಬೆಳೆದು ಅಪಾರ ಶಕ್ತಿಯು ಹೊರಹೊಮ್ಮುವುದು. ಇದರಿಂದ ಬಾಂಬನ್ನೂ ರಚಿಸಬಹುದೆಂದು ಬೆದರಿ, ತನ್ನ ಪೇಟೆಂಟನ್ನು ಗುಪ್ತವಾಗಿರಿಸುವ ಸಲುವಾಗಿ 1936ರಲ್ಲಿ ಬ್ರಿಟಿಷ್ ನೌಕಾಖಾತೆಗೆ ಒಪ್ಪಿಸಿದನು.

1938ರ ಕೊನೆಯಲ್ಲಿ ಜರ್ಮನಿಯಲ್ಲಿಯೇ ಯುರೇನಿಯಂ ಪರಮಾಣುವನ್ನು ಒಡೆದುದಾಯಿತು. ಈ ಅಸ್ತ್ರವು ಹಿಟ್ಲರನ ಕೈಸೇರಿದರೆ ಮಾನವಕುಲದ ಗತಿಯೇನು? ಇದೇ ಚಿಂತೆಯಿಂದ ಸಿಲಾರ್ಡನು 1939ರಲ್ಲಿ ಐನ್‌ಸ್ಟೈನರನ್ನು ಕಂಡು, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರಿಗೆ ಎಚ್ಚರಿಕೆಯ ಪತ್ರವು ಹೋಗುವಂತೆ ಮಾಡಿದನು. 1942ನೆಯ ಡಿಸೆಂಬರ್ 2ರಂದು ಷಿಕಾಗೋದಲ್ಲಿ ಸರಪಳಿ ಕ್ರಿಯೆಯು ಸಿದ್ಧಿಸಿತು. ಅವನ ಪಾಲಿಗೆ ಅದು ಹಬ್ಬದ ದಿನವಾಗಲಿಲ್ಲ.

1945ರ ಮೇ ತಿಂಗಳಲ್ಲಿ ಜರ್ಮನಿಯು ಸೋತಿತು. ಭೀತಿಯ ಕಾರಣವು ತೊಲಗಿತು. ಬಾಂಬಿನ ಕೆಲಸ ಮಾತ್ರ ನಿಲ್ಲಲಿಲ್ಲ. ಶರಣಾಗತಿಯ ಷರತ್ತುಗಳನ್ನು ಬಹಿರಂಗವಾಗಿ ಸಾರಿ, ಜಪಾನು ಅವನ್ನು ನಿರಾಕರಿಸಿದ ಹೊರತು ಬಾಂಬನ್ನು ಪ್ರಯೋಗಿಸಲಾಗದೆಂದು ಸಿಲಾರ್ಡನು ಜುಲೈಯಲ್ಲಿ ಅರ್ಜಿ ಬರೆದನು. ಅವನೂ ಸೇರಿ 70 ಮಂದಿ ವಿಜ್ಞಾನಿಗಳು ಸಹಿ ಹಾಕಿದರು. ಅರ್ಜಿಯು ಅಧಿಕಾರಿಗಳ ಕೈಯಲ್ಲಿಯೇ ತಡೆದು, ಅಧ್ಯಕ್ಷ ಟ್ರೂಮನ್ನರಿಗೆ ಮುಟ್ಟಲಿಲ್ಲ. ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ ಬೂದಿಯಾದುವು.

ಮತ್ತೊಬ್ಬನಾಗಿದ್ದರೆ ಪಶ್ಚಾತ್ತಾಪದಲ್ಲಿಯೇ ಮುಳುಗಿಹೋಗುತ್ತಿದ್ದನು. ಸಿಲಾರ್ಡನಾದರೋ ಪರಮಾಣುಶಕ್ತಿಯನ್ನು ಸೈನ್ಯದ ಹಿಡಿತದಿಂದ ಬಿಡಿಸಿ ಪೌರಾಡಳಿತಕ್ಕೆ ತರಲು ಹೆಣಗಿದನು. 1946ರ ಶಾಸನದಲ್ಲಿ ಅದು ಕೈಗೂಡಿತು. 1960ರಲ್ಲಿ ಅರ್ಬುದರೋಗವು ಹಿಡಿಯಲು, ವಿಕಿರಣ ಚಿಕಿತ್ಸೆಯನ್ನು ತಾನೇ ಯೋಜಿಸಿಕೊಂಡನು. ಅದೇ ವರ್ಷ ರಷ್ಯದ ಕ್ರುಶ್ಚೇವರನ್ನು ನ್ಯೂಯಾರ್ಕಿನಲ್ಲಿ ಕಂಡು, ಮಾಸ್ಕೋ ವಾಷಿಂಗ್ಟನ್ನುಗಳ ನಡುವೆ ನೇರ ಸಂಪರ್ಕದ ತಂತಿಯಿರಲೆಂದು ಸೂಚಿಸಿದನು. ಅಂಥದೊಂದು ಏರ್ಪಾಡು 1963ರಲ್ಲಿ ಜಾರಿಗೆ ಬಂದಿತು. ಮರುವರ್ಷ ಮೇ 30ರಂದು ಅವನು ತೀರಿಕೊಂಡನು.

ಇಂದಿಗೂ ಒಂಬತ್ತು ರಾಷ್ಟ್ರಗಳ ಬಳಿ ಸುಮಾರು 12,000 ಅಣ್ವಸ್ತ್ರಗಳಿವೆ. ಆದುದರಿಂದ ಸಿಲಾರ್ಡನ ಭೀತಿಯು ಹಳೆಯದಾಗಿಲ್ಲ. ಅವನ ಭರವಸೆಯೂ ಹಳೆಯದಾಗಬಾರದು. ಕಂಡ ಕೇಡನ್ನು ಮುಚ್ಚಿಡದೆ ನುಡಿಯುವುದು ಬಲ್ಲವರ ಹೊಣೆ. ಆ ನುಡಿಯು ಕಚೇರಿಯ ಕಡತಗಳಲ್ಲಿ ಹೂತುಹೋಗದಂತೆ ನೋಡಿಕೊಳ್ಳುವುದು ಆಳುವವರ ಹೊಣೆ.