ಸಾವನ್ನು ಮನೆಮಾತಾಗಿಸಿದ ಶಿಶುನಾಳ ಶರೀಫ ಸಾಹೇಬರು



ಧಾರವಾಡ, ಹಾವೇರಿ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೀವು ನೋಡಿರಬಹುದು. ಮರದ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ಮಳೆಗಾಲಕ್ಕೆ ಮುಂಚೆ ಅದನ್ನು ಸರಿಮಾಡಿಕೊಳ್ಳದಿದ್ದರೆ ಒಂದು ರಾತ್ರಿ ಮನೆಯೊಳಗೆ ನೀರು ಇಳಿಯುತ್ತದೆ. ನಮ್ಮ ಬನಶಂಕರಿಯ ಮನೆಗಳಲ್ಲಿ ಛಾವಣಿಗೆ ಒಂದು ಕಲೆ ಬಿದ್ದರೂ ಮರುದಿನವೇ ವಾಟರ್ ಪ್ರೂಫಿಂಗ್‌ನವರಿಗೆ ಫೋನ್ ಮಾಡುತ್ತೇವೆ. ಹತ್ತೊಂಬತ್ತನೇ ಶತಮಾನದಲ್ಲಿ ಒಬ್ಬ ಮುಸ್ಲಿಂ ಮೇಷ್ಟ್ರು ಇಂತಹ ಸೋರುವ ಮಾಳಿಗೆಯ ಮೇಲೆಯೇ ಒಂದು ಪದ ಕಟ್ಟಿದರು. ಅವರ ಪದದಲ್ಲಿ ಮನೆಯೆಂದರೆ ನಮ್ಮ ಈ ಶರೀರ, ಸೋರಿಕೆಯೆಂದರೆ ನಮ್ಮ ಅಜ್ಞಾನ. ಅವರೇ ಸಂತ ಶಿಶುನಾಳ ಶರೀಫರು.

ಮಹಮ್ಮದ್ ಶರೀಫರು ಹುಟ್ಟಿದ್ದು 1819ರಲ್ಲಿ, ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದಲ್ಲಿ. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಈ ಊರು 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಹತ್ತಿರದ ಹುಲಗೂರಿನ ಖಾದರ್ ಶಾವಲಿಯವರ ದುಆದಿಂದ ಈ ಮಗು ಹುಟ್ಟಿತೆಂದು ಆ ಕಡೆಯ ಜನ ಇಂದಿಗೂ ಹೇಳುತ್ತಾರೆ. ಹುಡುಗ ಓದಿದ, ಮುಲ್ಕಿ ಪರೀಕ್ಷೆ ಪಾಸಾದ, ಪ್ರಾಥಮಿಕ ಶಾಲೆಯ ಮೇಷ್ಟ್ರಾದ. ಸ್ವಲ್ಪ ಕಾಲದ ನಂತರ ಆ ನೌಕರಿಯನ್ನೂ ಬಿಟ್ಟರು. ಶಾಲಾ ನೌಕರಿಗಾಗಿ ಬಿ.ಎಡ್. ಮಾಡಿ ವರ್ಷಗಟ್ಟಲೆ ಕಾಯುವ ನಮ್ಮಂಥವರಿಗೆ ಇದನ್ನು ಓದಿದರೆ ಎದೆ ಝಲ್ಲೆನ್ನುತ್ತದೆ! ಆದರೆ ಅವರು ಕಲಿಸುವುದನ್ನು ಬಿಡಲಿಲ್ಲ. ಶಾಲೆಯ ಗೋಡೆಯನ್ನು ಮಾತ್ರ ಬಿಟ್ಟರು.

ಅವರಿಗೆ ಗುರುವಾಗಿ ಸಿಕ್ಕವರು ಕಳಸದ ಗೋವಿಂದ ಭಟ್ಟರೆಂಬ ಬ್ರಾಹ್ಮಣರು. ಜಾತಿಯ ಕಟ್ಟು ಬಿಗಿಯಾಗಿದ್ದ ಆ ಕಾಲದಲ್ಲಿ ಇಬ್ಬರೂ ತಮ್ಮ ತಮ್ಮವರಿಂದ ಮಾತು ಕೇಳಬೇಕಾಯಿತು. ಶರೀಫರು ನಮ್ಮವರೋ ಅವರವರೋ ಎಂಬ ಚರ್ಚೆ ನಮ್ಮಲ್ಲಿ ಇಂದಿಗೂ ಕೆಲವರಿಗೆ ಮುಗಿದಿಲ್ಲ. ಮೊಹರಂ ಹಬ್ಬಕ್ಕೆ ಕರ್ಬಲಾದ ದುಃಖವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡಿದವರೂ ಇದೇ ಶರೀಫರು ಎಂಬುದನ್ನು ಅಂಥವರು ನೆನಪಿಡಲಿ.

ಮದುವೆಯಾಯಿತು. ಪತ್ನಿ ಫಾತಿಮಾ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಆ ಅಗಲಿಕೆಯ ಮೇಲೂ ಅವರದೊಂದು ಪದವಿದೆ. ಮನುಷ್ಯ ಇಂಥ ಪೆಟ್ಟು ತಿಂದಾಗ ಎರಡು ದಾರಿಗಳಿರುತ್ತವೆ. ಒಂದು, ಬಾಗಿಲು ಹಾಕಿಕೊಂಡು ಕೂರುವುದು. ಇನ್ನೊಂದು, ಇರುವ ದಿನಗಳು ಲೆಕ್ಕದವು ಎಂದು ಅರಿತು ಹೊರಗೆ ಬರುವುದು. ಶರೀಫರು ಹೊರಗೆ ಬಂದರು. ಸಂತೆ, ಜಾತ್ರೆ, ಮಠ, ದರ್ಗಾ ಎನ್ನದೆ ತಿರುಗಿದರು. ನವಲಗುಂದದ ನಾಗಲಿಂಗಸ್ವಾಮಿಗಳಂಥ ಸಾಧಕರ ಗೆಳೆತನ ಮಾಡಿದರು. ಆಸ್ತಿ ಕೂಡಿಡುವ ಗೋಜಿಗೆ ಹೋಗಲಿಲ್ಲ.

ಇಲ್ಲಿ ಒಂದು ಮಾತನ್ನು ನೀವು ಗಮನಿಸಬೇಕು. ಪ್ರತಿ ಜೀವಿಯೂ ಮರಣದ ರುಚಿ ನೋಡಲಿದೆ ಎಂದು ಕುರ್‌ಆನ್ ನಮಗೆ ತಿಳಿಸುತ್ತದೆ. ಮರಣವನ್ನು ಹೆಚ್ಚಾಗಿ ನೆನೆಯಲು ಪ್ರವಾದಿವರ್ಯರು (ಸ) ಕಲಿಸಿದ್ದಾರೆ. ನಾವು ಏನು ಮಾಡುತ್ತೇವೆ? ಜನಾಝಾದ ಹಿಂದೆ ನಾಲ್ಕು ಹೆಜ್ಜೆ ನಡೆಯುತ್ತೇವೆ, ಮೂರು ಹಿಡಿ ಮಣ್ಣು ಹಾಕುತ್ತೇವೆ, ಖಬರಸ್ತಾನದ ಗೇಟು ದಾಟುವಷ್ಟರಲ್ಲಿ ಸೈಟಿನ ರೇಟು ಮಾತಾಡುತ್ತಿರುತ್ತೇವೆ. ಮಕ್ಕಳಿಗಂತೂ ಖಬರನ್ನು ಹೆದರಿಸುವುದಕ್ಕೆ ಮಾತ್ರ ಬಳಸುತ್ತೇವೆ. ಹೆದರಿದ ಮಗು ಆ ವಿಷಯವನ್ನು ಮರೆಯಲು ನೋಡುತ್ತದೆಯೇ ಹೊರತು ಅದರಿಂದ ಬದುಕಲು ಕಲಿಯುವುದಿಲ್ಲ.

ಶರೀಫರು ಹೆದರಿಸಲಿಲ್ಲ, ನಗಿಸಿದರು. ಹುಲಗೂರಿನ ಸಂತೆಯ ಗದ್ದಲದಲ್ಲಿ ನಡೆಯುವ ಮುದುಕಿಗೆ ಬೀಳದಂತೆ ಎಚ್ಚರ ಹೇಳುವ ಪದವನ್ನು ಕೇಳಿದ ಹಳ್ಳಿಯವರು ಮೊದಲು ನಕ್ಕಿರುತ್ತಾರೆ. ಮನೆಗೆ ಹೋಗಿ ಮಲಗಿದ ಮೇಲೆ ಆ ಸಂತೆ ಯಾವುದು, ಮುದುಕಿ ಯಾರು ಎಂದು ಹೊಳೆದಿರುತ್ತದೆ. ತಂಬೂರಿ, ಗಿರಣಿ, ಮಾಳಿಗೆ ಹೀಗೆ ಕಣ್ಣೆದುರಿಗೆ ಇದ್ದದ್ದೆಲ್ಲ ಅವರಿಗೆ ಪಾಠದ ಸಾಮಗ್ರಿಯಾಯಿತು. ಬೋಧನೋಪಕರಣ ಎಂದು ನಾವು ತರಬೇತಿಯಲ್ಲಿ ಪುಟಗಟ್ಟಲೆ ಬರೆದದ್ದನ್ನು ಅವರು ಬಯಲಿನಲ್ಲಿ ಮಾಡಿ ತೋರಿಸಿದ್ದರು. ಸಾವು ಊರಾಚೆಯ ಸ್ಮಶಾನದಲ್ಲಿಲ್ಲ, ಅಡುಗೆಮನೆಯ ಸೂರಿನಲ್ಲೇ ಇದೆ, ಆದ್ದರಿಂದ ಇವತ್ತೇ ಏಣಿ ಹತ್ತಿ ಸರಿಮಾಡಿಕೋ ಎಂಬುದು ಅವರ ಧೋರಣೆ.

1889ರಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪದಗಳನ್ನು ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದರು. ಬಹಳ ಕಾಲದ ಮೇಲೆ ಸಿ. ಅಶ್ವಥ್ ಅವರ ಕಂಠದಲ್ಲಿ ಅವು ಬೆಂಗಳೂರಿನ ಮನೆಮನೆಗೂ ಬಂದವು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ಚಲನಚಿತ್ರವೂ ಬಂತು. ದಫನದ ದಿನ ಮುಸ್ಲಿಮರೂ ಹಿಂದೂಗಳೂ ತಮ್ಮ ತಮ್ಮ ವಿಧಿಯಂತೆ ಪ್ರಾರ್ಥನೆ ಸಲ್ಲಿಸಿದರೆಂದು ಹೇಳುತ್ತಾರೆ. ಶಿಶುನಾಳದ ಅವರ ಗದ್ದುಗೆಗೆ ಈಗಲೂ ಎರಡೂ ಕಡೆಯವರು ಬರುತ್ತಾರೆ. ಕೆಲವರು ಫಾತಿಹಾ ಓದುತ್ತಾರೆ, ಕೆಲವರು ಕಾಯಿ ಒಡೆಯುತ್ತಾರೆ. ಜಾತ್ರೆಯ ದಿನ ಅಲ್ಲಿ ತಂಬೂರಿ ಹಿಡಿದು ಕೂತವರು ರಾತ್ರಿಯಿಡೀ ಹಾಡುತ್ತಾರೆ.